ಮುಂದಿನ ಬಾಂಡ್ ನಗಿಸ್ಬೇಕೋ ಅಂಜಿಸ್ಬೇಕೋ: ಯಾವ ದಾರಿ ಯಾರಿಗಿ ಸರಿ ಹೊಂದ್ತದ

ನಮ್ಮ ಕಲಬುರಗಿಯಾಗ ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡ್‌ನ ಪಿಚ್ಚರ್ ಮಾತು ತೆಗೆದ್ರ ಸಾಕು, ಕುಂತ ಜಾಗದಾಗೇ ಎರಡು ಪಾರ್ಟಿ ಆಗಿಬಿಡ್ತಾವ. ನಲವತ್ತೈದು ದಾಟಿದವ್ರೆಲ್ಲಾ ಹಳೇ ಬಾಂಡ್ ಆಗಿದ್ದ ರೋಜರ್ ಮೂರ್ ಕಡಿ, ಯಾಕಂದ್ರ ಅವ್ರು ಬಾಂಡ್ ನೋಡಿದ್ದೇ ಕೇಬಲ್ ಟಿವಿಯಾಗ, ಹಿಂದಿ ಡಬ್ಬಿಂಗ್‌ನಾಗ, ಮೇ ತಿಂಗಳ ಮಧ್ಯಾಹ್ನ ಹೊರಗ ಕಾಲಿಟ್ರ ನೆತ್ತಿ ಸುಡ್ತದ ಅಂತ ಕಿಟಕಿಗಿ ಚಾದರ ಕಟ್ಕೊಂಡು, ಕೂಲರ್ ಸಪ್ಪಳದಾಗ ಅರ್ಧ ಡೈಲಾಗ್ ಕೇಳ್ಸದೇ ಇದ್ರೂ ನಕ್ಕೋತ. ಅವ್ರಿಗಿ ಬಾಂಡ್ ಅಂದ್ರ ನೀರಾಗ ಮುಳುಗಿ ಸಬ್‌ಮರೀನ್ ಆಗೋ ಲೋಟಸ್ ಕಾರು, ಉಕ್ಕಿನ ಹಲ್ಲಿನ ಜಾಸ್, ಒಂದು ಹುಬ್ಬು ಏರಿಸಿ ಮಾತು ಒಗೆಯೋ ಮೂರ್ ಸಾಹೇಬ್ರು. ಈಗಿನ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರಿಗಿ ಕೇಳಿದ್ರ ಬಾಂಡ್ ಅಂದ್ರ ಡೇನಿಯಲ್ ಕ್ರೇಗ್, ಮಾರಿ ತುಂಬಾ ಗಾಯ, ಕಣ್ಣಾಗ ಸಿಟ್ಟು, ನಗೋದು ಅಂದ್ರ ತುಟಿ ಒಂದೀಟು ಅಲ್ಲಾಡಿದ್ರ ದೊಡ್ಡದು.

ಈ ಜಗಳ ಈಗ ಮತ್ತ ಯಾಕ ಜೋರಾಗ್ಯದ ಅಂದ್ರ, 2025 ರ ಫೆಬ್ರವರಿಯಾಗ ಶುರುವಿಂದ ಬಾಂಡ್ ಪಿಚ್ಚರ್ ಮಾಡ್ಕೋತ ಬಂದ ಬ್ರಾಕಲಿ ಮನಿತನದವ್ರು ಕ್ರಿಯೇಟಿವ್ ಕಂಟ್ರೋಲ್ ಅಮೆಜಾನ್ ಎಂಜಿಎಂ ಸ್ಟುಡಿಯೋ ಕೈಗಿ ಕೊಟ್ಟು ಹಿಂದ ಸರದ್ರು, ಜೂನ್‌ದಾಗ ಡೆನಿ ವಿಲ್ನವ್ ಡೈರೆಕ್ಟರ್ ಅಂತ ಅನೌನ್ಸ್ ಆಯ್ತು, ಅದಾದ ಮ್ಯಾಲ ಪೀಕಿ ಬ್ಲೈಂಡರ್ಸ್ ಟಿವಿ ಸೀರೀಸ್ ಮಾಡಿದ ಸ್ಟೀವನ್ ನೈಟ್ ಸ್ಕ್ರಿಪ್ಟ್ ಬರೀತಾರ ಅಂತನೂ ಬಂತು. ಆಗಿಂದ ಗೊತ್ತಿದ್ದವ್ರು, ಗೊತ್ತಿಲ್ಲದವ್ರು ಎಲ್ಲಾರೂ ಒಂದೇ ಕೇಳ್ತಾರ: ಮುಂದ ಯಾವ ದಾರಿ ಹಿಡೀಬೇಕು, ಮಜಾದ್ದೋ ಗಡಸಿಂದೋ? ಇನ್ನೊಬ್ರು ಅದೇ ಪ್ರಶ್ನಿ ಬ್ಯಾರೆ ಥರ ಕೇಳ್ತಾರ: ಇಪ್ಪತ್ತೈದು ಪಿಚ್ಚರ್ ಅವ, ಎಲ್ಲಾ ನೋಡೋಕ ಟೈಮಿಲ್ಲ, ನಮ್ಮ ಮನಿಗಿ ಯಾವ ಥರದ್ದು ಸರಿ? ಎರಡಕ್ಕೂ ಒಂದೇ ಕಡಿ ಕುಂತು ಬರ್ಯೋಣ ಅನ್ಸಿತು.

ಮೊದ್ಲ ಅಳತಿ ಏನಂತ ಗೊತ್ತಾಗ್ಲಿ

ಅಳತಿ ಇಲ್ದೇ ಹೋಲ್ಸಾಕ ಹೋದ್ರ "ನನಗ ಮೂರ್ ಸೇರ್ತಾನ, ನಿನಗ ಕ್ರೇಗ್ ಸೇರ್ತಾನ" ಅನ್ನೋದ್ರಾಗ ಮುಗಿದುಹೋಗ್ತದ. ನಾ ನೋಡೋದು ನಾಕು ಸಂಗತಿ, ಅದ್ರಾಗ ಮೊದಲ ಎರಡಕ್ಕ ತೂಕ ಜಾಸ್ತಿ.

ಎಲ್ಲಾಕ್ಕಿಂತ ಮೊದಲು, ಅಂಜಿಕಿ ಖರೇ ಅದ ಇಲ್ಲೊ. ಹೀರೋ ಬದುಕ್ತಾನ ಅಂತ 1962 ರ ಡಾಕ್ಟರ್ ನೋದಿಂದ ಎಲ್ಲಾರಿಗೂ ಗೊತ್ತದ, ಆದ್ರೂ ಆ ಐದು ನಿಮಿಷ ನಾವು ಅದನ್ನ ಮರೀಬೇಕು. ಮರೀದಿದ್ರ ಎಷ್ಟು ರಕ್ತ ಸುರಿಸಿದ್ರೂ ಅಷ್ಟೇ, ಎಷ್ಟು ಜೋಕ್ ಹೊಡೆದ್ರೂ ಅಷ್ಟೇ. ಎರಡನೇದು, ನಗು ಎಲ್ಲಿಂದ ಬರ್ತದ. ನಮ್ಮ ಪುಂಡಿಪಲ್ಯದಾಗ ಹುಳಿ ಎಲಿಯೊಳಗೇ ಇರ್ತದ, ಮ್ಯಾಲಿಂದ ಹುಣಸಿಹಣ್ಣು ಹಿಂಡಬೇಕಾಗಿಲ್ಲ. ಹಂಗ ನಗು ಆ ಸೀನ್‌ನ ಒಳಗಿಂದ ಬರಬೇಕು, ಸೀನ್ ಮುಗಿದ ಮ್ಯಾಲ ಯಾರೋ ನೆನಪಾಗಿ ತಂದು ಹಚ್ಚಿದಂಗ ಇರಬಾರ್ದು.

ಮೂರನೇದು ಸೀರೀಸ್ ಮಾಡವ್ರ ತಲಿನೋವು. ಈ ಪಿಚ್ಚರ್ ಮುಗಿದ ಮ್ಯಾಲ ಮುಂದಿಂದಕ್ಕ ಜಾಗ ಉಳೀತದ ಇಲ್ಲೊ? ಒಂದೇ ಪಿಚ್ಚರ್ ಆದ್ರ ಎಲ್ಲಾ ಸುಟ್ಟು ಬೂದಿ ಮಾಡಿ ಹೋಗಬಹುದು, ಅರವತ್ತು ವರ್ಷ ನಡೆಯೋ ಸೀರೀಸ್ ಹಂಗ ಮಾಡಂಗಿಲ್ಲ. ನಾಕನೇದು ಬರೇ ಮನಿ ಮಾತು: ಯಾರ ಕೂಡ ಕುಂತು ನೋಡಬಹುದು, ಎಷ್ಟು ಟೈಮ್ ತಿಂತದ, ಒಮ್ಮಿ ನೋಡಿದ್ರ ಸಾಕೋ ಮತ್ತ ಹಚ್ತೀವೋ.

ಪೂರಾ ಮಜಾ ಹೊಡೆಯೋ ದಾರಿ

ಇದರ ತುದಿ ನೋಡ್ಬೇಕಂದ್ರ 1979 ರ ಮೂನ್‌ರೇಕರ್. ಅದರ ಹಿಂದಿಂದು 1977 ರ ದಿ ಸ್ಪೈ ಹೂ ಲವ್ಡ್ ಮಿ, ಅದರ ಕೊನಿಗಿ ಟೈಟಲ್‌ದಾಗ ಮುಂದಿಂದು ಫಾರ್ ಯುವರ್ ಐಸ್ ಓನ್ಲಿ ಅಂತ ಬರ್ದಿತ್ತು. ಆದ್ರ ಅದೇ ವರ್ಷ ಸ್ಟಾರ್ ವಾರ್ಸ್ ಬಂದು ಎಲ್ಲಾರ ದಿಮಾಕ್ ತಿರುಗಿಸ್ತು, ಇವ್ರು ಹೇಳಿದ್ದು ಬಿಟ್ಟು ಬಾಂಡ್‌ನ ಆಕಾಶಕ್ಕ ಕಳಿಸಿದ್ರು. ಖರೇ ಸ್ಪೇಸ್ ಶಟಲ್ ಹಾರಿದ್ದು 1981 ರಾಗ, ಬಾಂಡ್ ಅದಕ್ಕಿಂತ ಎರಡು ವರ್ಷ ಮೊದ್ಲೇ ಹಾರಿ ಬಂದಿದ್ದ. ವೆನಿಸ್‌ದಾಗ ದೋಣಿ ನೀರಿಂದ ಎದ್ದು ಬಂದು ಚೌಕ್‌ದಾಗ ಮಂದಿ ನಡುವ ಓಡಾಡ್ತದ, ಅದನ್ನ ನೋಡಿ ಒಂದು ಪಾರಿವಾಳ ಎರಡೆರಡು ಸಲ ಹೊಳ್ಳಿ ನೋಡ್ತದ, ಕೊಲ್ಲಾಕ ಬಂದ ಜಾಸ್‌ಗ ಲವ್ ಆಗ್ತದ. ಖರ್ಚು ಹಿಂದಿನ ಪಿಚ್ಚರ್‌ದ ಎರಡು ಪಟ್ಟಿಗಿಂತ ಹೆಚ್ಚು. ಗಳಿಸಿದ್ದು 210 ಮಿಲಿಯನ್ ಡಾಲರ್, 1995 ರ ಗೋಲ್ಡನ್‌ಐ ಬರೋ ತನಕ ಆ ದಾಖಲೆ ಯಾವ ಬಾಂಡ್ ಪಿಚ್ಚರ್ರೂ ಮುರೀಲಿಲ್ಲ. ಅಂದ್ರ ಮಜಾ ಮಾಡಿದ್ರ ರೊಕ್ಕ ಬರಂಗಿಲ್ಲ ಅನ್ನೋದು ಸುಳ್ಳು, ಇದನ್ನ ಕ್ರೇಗ್ ಪಾರ್ಟಿ ಹುಡುಗ್ರು ಒಪ್ಪಂಗಿಲ್ಲ ಆದ್ರ ಲೆಕ್ಕ ಹಂಗೇ ಅದ.

ತೊಂದ್ರಿ ರೊಕ್ಕದ್ದಲ್ಲ, ಆಕಾಶಕ್ಕ ಹೋದ ಮ್ಯಾಲ ಮುಂದ ಎಲ್ಲಿಗಿ ಹೋಗ್ತೀ ಅನ್ನೋದು. ಮಜಾ ಅನ್ನೋದು ಪ್ರತಿ ಸಲ ಹಿಂದಿನ ಸಲಕ್ಕಿಂತ ದೊಡ್ಡದು ಕೇಳ್ತದ, ಕಾರು ನೀರಾಗ ಹೋಯ್ತು, ಮತ್ತ ದೋಣಿ ನೆಲದ ಮ್ಯಾಲ ಬಂತು, ಮತ್ತ ಶಟಲ್, ಮುಂದ? 2002 ರ ಡೈ ಅನದರ್ ಡೇದಾಗ ಅದೇ ಆಯ್ತು. ಕಣ್ಣಿಗಿ ಕಾಣದ ಕಾರು, ಐಸ್‌ದ ಅರಮನಿ, ಕಂಪ್ಯೂಟರ್‌ದಾಗ ಮಾಡಿದ ಸಮುದ್ರದ ಅಲಿ ಮ್ಯಾಲ ಆಗಿನ ಬಾಂಡ್ ಬ್ರಾಸ್ನನ್ ಸರ್ಫಿಂಗ್. ಆ ಪಿಚ್ಚರ್ ಶುರು ಆಗೋದು ಹೆಂಗ ಗೊತ್ತೇನು, ಉತ್ತರ ಕೊರಿಯಾ ಜೇಲಿನಾಗ ಹದಿನಾಕು ತಿಂಗಳು ಬಾಂಡ್‌ಗ ಚಿತ್ರಹಿಂಸೆ, ಉದ್ದ ಗಡ್ಡ, ಸರ್ಕಾರನೇ ಅವನ್ನ ನಂಬಂಗಿಲ್ಲ. ಅಷ್ಟು ಗಡಸು ಶುರುವಾತಿಗಿ ಆ ಕಾಣದ ಕಾರು ಹೆಂಗ ಜೋಡಿ ಆಗ್ಬೇಕು ಹೇಳ್ರಿ. ಇದು ಬೆರಸಿದ್ದಲ್ಲ, ಎರಡು ಪಿಚ್ಚರ್ ತಂದು ಫೆವಿಕಾಲ್ ಹಚ್ಚಿದ್ದು. ಅದೂ ಆ ಹೊತ್ತಿಗಿ ಬಾಂಡ್ ಪಿಚ್ಚರ್‌ದಾಗೇ ಹೆಚ್ಚು ಗಳಿಸಿತು, ಆದ್ರೂ ಮಾಡಿದವ್ರೇ ಸಾಕು ಅಂತ ಎಲ್ಲಾ ಕಿತ್ತು ಹೊಸದಾಗಿ ಶುರು ಮಾಡಿದ್ರು. ಗಲ್ಲಾಪೆಟ್ಟಿಗಿ ನಿಲ್ಲು ಅಂದಿರ್ಲಿಲ್ಲ, ಅಂಜಿಕಿ ಪೂರಾ ಹೋಗಿಬಿಟ್ಟಿತ್ತು, ಅದು ಅವ್ರಿಗೇ ಗೊತ್ತಾಗಿತ್ತು.

ಮನಿಮಂದಿ ಕೂಡ ನೋಡೋಕ ಮಾತ್ರ ಈ ದಾರಿಗಿ ಸಾಟಿ ಇಲ್ಲ. ಸಣ್ಣ ಹುಡುಗ್ರು ನಗ್ತಾವ, ಅಜ್ಜಿಗಿ ಕಥಿ ಗೊತ್ತಾಗದಿದ್ರೂ ನಡೀತದ, ನಡುವ ಎದ್ದು ಚಾ ಮಾಡ್ಕೊಂಡು ಬಂದ್ರೂ ಏನೂ ತಪ್ಪಂಗಿಲ್ಲ. ಒಂದೇ ಮಾತು, ಮೂರ್ ಪಿಚ್ಚರ್‌ದಾಗ ಹೆಣ್ಮಕ್ಕಳ ಮ್ಯಾಲ ಜೋಕ್‌ಗಳು ಆ ಕಾಲದ್ದು, ಮತ್ತ 1985 ರ ಎ ವ್ಯೂ ಟು ಎ ಕಿಲ್ ಬಂದಾಗ ಸಾಹೇಬ್ರಿಗಿ 57, ಜೋಡಿ ಹುಡುಗಿಯರನ್ನ ನೋಡಿದ್ರ ಮುಜುಗರ ಆಗ್ತದ. ರಿಮೋಟ್ ಕೈಯಾಗೇ ಇರ್ಲಿ.

ಪೂರಾ ಗಡಸು ದಾರಿ

1989 ರ ಲೈಸೆನ್ಸ್ ಟು ಕಿಲ್. ಬಾಂಡ್‌ನ ಗೆಳೆಯ ಫೀಲಿಕ್ಸ್ ಲೈಟರ್‌ನ ಮದುವಿ ದಿನನೇ ಡ್ರಗ್ಸ್ ದಂಧೆದವ್ರು ಬಂದು ಹೆಂಡ್ತೀನ ಕೊಲ್ತಾರ, ಅವನ್ನ ಶಾರ್ಕಿಗಿ ಹಾಕ್ತಾರ. ಬಾಂಡ್ ಲೈಸೆನ್ಸ್ ಕಳ್ಕೊಂಡು ಸೇಡಿಗಿ ಹೊಂಡ್ತಾನ. ಬಾಂಡ್ ಆದ ಟಿಮೊಥಿ ಡಾಲ್ಟನ್ ನಗಂಗೇ ಇಲ್ಲ, ಸಿಗರೇಟ್ ಸೇದೋದ್ರಾಗೂ ಸಿಟ್ಟು ಕಾಣ್ತದ. ಬ್ರಿಟನ್‌ದಾಗ 15 ವರ್ಷದ ಕೆಳಗಿನವ್ರು ನೋಡಂಗಿಲ್ಲ ಅಂತ ಸರ್ಟಿಫಿಕೇಟ್ ತಗೊಂಡ ಮೊದಲ ಬಾಂಡ್ ಇದೇ. ಅಂದ್ರ ಅಷ್ಟು ದಿನ ಮಕ್ಕಳ ಕೈ ಹಿಡ್ಕೊಂಡು ಬರ್ತಿದ್ದ ಅಪ್ಪಂದಿರನ್ನ ಬಾಗಲದಾಗೇ ಹೊಳ್ಳಿ ಕಳಿಸಿದಂಗ. ಅಮೆರಿಕಾದಾಗ ಅದೇ ಬ್ಯಾಸಿಗ್ಯಾಗ ಬ್ಯಾಟ್‌ಮ್ಯಾನ್, ಇಂಡಿಯಾನಾ ಜೋನ್ಸ್, ಲೀಥಲ್ ವೆಪನ್ 2 ಎಲ್ಲಾ ಒಟ್ಟಿಗೇ ಬಂದಿದ್ವು, ಇದು ಅವುಗಳ ಕಾಲಾಗ ಸಿಕ್ಕಿತು. ಅದಾದ ಮ್ಯಾಲ ಆರು ವರ್ಷ ಬಾಂಡ್ ಬರ್ಲೇ ಇಲ್ಲ. ಭಾಳ ಮಂದಿ ಅದಕ್ಕ "ಗಡಸು ಮಾಡಿದ್ರು, ಸೀರೀಸ್ ಸತ್ತಿತು" ಅಂತಾರ, ಅದು ಸರಿ ಅಲ್ಲ, ಆ ಆರು ವರ್ಷ ಹೋಗಿದ್ದು ಸ್ಟುಡಿಯೋ ಮಾರಾಟದ ಕೋರ್ಟು ಕಚೇರಿ ತಕರಾರಿನಾಗ. ಪಾಪ ಡಾಲ್ಟನ್ ತಲಿಗಿ ಕಟ್ಟಿಬಿಟ್ರು.

ನನಗ ಈ ಪಿಚ್ಚರ್ ಸೇರ್ತದ. ಯಾಕ ಸೇರ್ತದ ಅಂದ್ರ ನಡುವ ಬಾಂಡ್‌ಗ ಗ್ಯಾಡ್ಜೆಟ್ ಮಾಡಿ ಕೊಡೋ ಕ್ಯೂ ಬರ್ತಾರ. ಡೆಸ್ಮಂಡ್ ಲ್ಯುಲಿನ್, ಹದಿನೇಳು ಬಾಂಡ್ ಪಿಚ್ಚರ್‌ದಾಗ ಇದ್ದ ಮುದುಕ್ರು, ಬ್ಯಾರೆ ಪಿಚ್ಚರ್‌ದಾಗ ಐದು ನಿಮಿಷ ಬಂದು "ಸಾಮಾನು ಮುರೀಬ್ಯಾಡ" ಅಂತ ಬೈದು ಹೋಗವ್ರು, ಇಲ್ಲಿ ರಜಾ ಹಾಕಿ, ಬ್ಯಾಗ್ ತುಂಬ ಗ್ಯಾಡ್ಜೆಟ್ ತುಂಬ್ಕೊಂಡು, ಸರ್ಕಾರಕ್ಕ ಹೇಳದೇ ಬಾಂಡ್ ಹಿಂದ ಬರ್ತಾರ, ಯಾಕಂದ್ರ ಹುಡುಗ ಒಬ್ಬನೇ ಅದಾನ. ನಗು ಬರ್ತದ, ಅದ್ರ ಕೂಡ ಎದಿಯಾಗ ಏನೋ ಆಗ್ತದ. ಅಷ್ಟು ಕತ್ತಲಿ ಪಿಚ್ಚರ್‌ದಾಗ ಆ ಮುದುಕ್ರ ನಗು ಮೂನ್‌ರೇಕರ್‌ನ ಪಾರಿವಾಳಕ್ಕಿಂತ ಹತ್ತು ಪಟ್ಟು ಕೆಲಸ ಮಾಡ್ತದ.

2008 ರ ಕ್ವಾಂಟಮ್ ಆಫ್ ಸೊಲೇಸ್‌ನಾಗ ಅಷ್ಟೂ ಇಲ್ಲ. ಹಾಲಿವುಡ್ ರೈಟರ್‌ಗಳ ಸ್ಟ್ರೈಕ್ ನಡೀತಿತ್ತು, ಸ್ಕ್ರಿಪ್ಟ್ ಅರ್ಧಂಬರ್ಧ, ಕ್ರೇಗ್‌ನೇ ಡೈರೆಕ್ಟರ್ ಕೂಡ ಕುಂತು ಸೀನ್ ತಿದ್ದಬೇಕಾಯ್ತು. ಕ್ಯೂ ಇಲ್ಲ, ನಗು ಇಲ್ಲ, ಉಸಿರಾಡಾಕ ಜಾಗ ಇಲ್ಲ, 106 ನಿಮಿಷ ಬರೇ ಓಡೋದು ಬಡಿಯೋದು. ಹೊಡೆತ ಬಿದ್ದಷ್ಟೂ ನೋವು ಕಮ್ಮಿ ಅನ್ನಸ್ತದ, ಇದು ವಿಚಿತ್ರ ಆದ್ರ ಖರೇ. ಸತತ ಗಡಸು ಇದ್ರ ಕಣ್ಣಿಗಿ ಅದು ರೂಢಿ ಆಗಿಬಿಡ್ತದ.

(2021 ರ ನೋ ಟೈಮ್ ಟು ಡೈ ನೋಡದವ್ರು ಈ ಪ್ಯಾರಾ ಬಿಟ್ಟು ಮುಂದ ಹೋಗ್ರಿ.) ಗಡಸು ದಾರಿಗೂ ಮೂನ್‌ರೇಕರ್ ಥರದ್ದೇ ಒಂದು ಗ್ವಾಡಿ ಅದ. ಮಜಾ ಏರೇರಿ ಆಕಾಶಕ್ಕ ಹೋಗಿ ಮುಟ್ತದ, ದುಃಖ ಇಳಿದಿಳಿದು ಸಾವಿಗಿ ಮುಟ್ತದ. ಗೆಳೆಯನ ಕಾಲು ಹೋಯ್ತು, ಪ್ರೀತಿಸಿದಾಕಿ ಸತ್ಲು, ಸ್ಕೈಫಾಲ್‌ನಾಗ ಬಾಂಡ್‌ನ ಬಾಸ್ ಎಂ ಸತ್ರು, ಇನ್ನ ಉಳಿದಿದ್ದು ಯಾರು, ಬಾಂಡೇ. 163 ನಿಮಿಷದ ಕೊನಿಗಿ ಅವನ್ನೂ ಮಿಸೈಲ್ ಕೆಳಗ ನಿಲ್ಲಿಸಿದ್ರು. ನಾನೂ ಅತ್ತೀನಿ, ಸುಳ್ಳು ಯಾಕ ಹೇಳ್ಲಿ, ಆದ್ರ ಮೂರನೇ ಅಳತಿಗಿ ಹಚ್ಚಿ ನೋಡ್ರಿ: ವಿಲ್ನವ್ ಕೈಗಿ ಬಂದಿದ್ದು ಬರೇ ಖಾಲಿ ಹಾಳಿ.

ಒಮ್ಮಿ ಆ ಕಡಿ, ಒಮ್ಮಿ ಈ ಕಡಿ

ಇನ್ನೊಂದು ದಾರಿ ಅಂದ್ರ ತೂಗುಯ್ಯಾಲಿ. ಅತಿ ಆಯ್ತು ಅನ್ಸಿದಾಗ ಎದುರು ದಿಕ್ಕಿಗಿ ಓಡೋದು. ಮೂನ್‌ರೇಕರ್ ಆದ ಮ್ಯಾಲ 1981 ರಾಗ ಫಾರ್ ಯುವರ್ ಐಸ್ ಓನ್ಲಿ ಬಂತಲ್ಲ, ಅದ್ರಾಗ ಶುರುವಾತಿನಾಗೇ ಬಾಂಡ್‌ನ ಲೋಟಸ್ ಕಾರು ಕಿಡಕಿ ಒಡಿಯಾಕ ಬಂದವನ ಕೂಡ ಢಮ್ ಅಂತ ಹಾರಿ ಹೋಗ್ತದ, ಬಾಂಡ್‌ಗ ಸಿಗೋದು ಹುಡುಗಿಯ ಹಳದಿ ಸಿತ್ರೋಯೆನ್ ಡಬ್ಬಾ ಗಾಡಿ, ಅದ್ರಾಗೇ ಗುಡ್ಡದ ರಸ್ತಿಯಾಗ ತಪ್ಪಿಸ್ಕೋಬೇಕು. "ಗ್ಯಾಡ್ಜೆಟ್ ಖತಂ, ಈಗ ತಲಿ ಓಡಿಸು" ಅಂತ ಮಾಡಿದವ್ರು ನಮಗ ಹೇಳಿದಂಗ. ಚೇಸ್ ನೋಡಿ ನಗ್ತೀವಿ, ಅದ್ರ ಕೂಡ ಈ ಡಬ್ಬಾ ಎಲ್ಲಿ ಪಲ್ಟಿ ಹೊಡೀತದೋ ಅಂತ ಅಂಜ್ತೀವಿ. ಮುಂದ ಗ್ರೀಸ್‌ನ ಮೆಟಿಯೋರಾ ಬಂಡೆಗಲ್ಲು ಹತ್ತೋ ಸೀನ್‌ನಾಗ ಮ್ಯೂಸಿಕ್ಕೂ ಬ್ಯಾಡ ಗ್ಯಾಡ್ಜೆಟ್ಟೂ ಬ್ಯಾಡ, ಒಂದು ಹಗ್ಗ ಸಾಕು. ಅದೇ ಪಿಚ್ಚರ್‌ದಾಗ ಬಾಂಡ್ ಒಬ್ಬ ಕೊಲಿಗಾರನ ಕಾರು ಗುಡ್ಡದ ಅಂಚಿಗಿ ತೂಗ್ತಿರುವಾಗ ಕಾಲಿಂದ ಒದ್ದು ಕೆಡುವ್ತಾನ. ಮೂರ್‌ಗ ಆ ಒದೆ ತನ್ನ ಬಾಂಡ್‌ಗ ಒಪ್ಪಂಗಿಲ್ಲ ಅಂತ ಅನಿಸಿತ್ತು, ಆದ್ರ ಅವ್ರ ಏಳು ಪಿಚ್ಚರ್‌ದಾಗ ಮೂರ್ ನಿಜವಾಗಿ ಡೇಂಜರ್ ಮನುಷ್ಯ ಅಂತ ಕಂಡಿದ್ದು ಅಲ್ಲೇ.

ಈ ದಾರಿಯ ಗುಣ ಅಂದ್ರ ಎಲ್ಲಾರಿಗೂ ಒಂದೊಂದು ಪಿಚ್ಚರ್ ಸಿಗ್ತದ, ಸೀರೀಸ್ ಉಳೀತದ, ಖರ್ಚೂ ಒಮ್ಮಿ ಏರಿದ್ದು ಒಮ್ಮಿ ಇಳೀತದ. ದೋಷ ಅಂದ್ರ ಸುಧಾರಿಸೋದು ಯಾವಾಗ್ಲೂ ಗುಂಡಿಗಿ ಬಿದ್ದ ಮ್ಯಾಲೇ. ಮತ್ತ ಈಗ ಎರಡು ಪಿಚ್ಚರ್ ನಡುವ ನಾಕು ಐದು ಆರು ವರ್ಷ ಗ್ಯಾಪ್ ಆಗ್ತದ. ಮೊದ್ಲ ಎರಡು ವರ್ಷಕ್ಕೊಂದು ಬರ್ತಿದ್ವು, ಒಂದು ಸೇರದಿದ್ರ ಮುಂದಿನ ದೀಪಾವಳಿ ಬಿಟ್ಟು ಮತ್ತೊಂದು ದೀಪಾವಳಿಗಿ ನೋಡಿದ್ರಾಯ್ತು. ಈಗ ಒಂದು ಕೆಟ್ರ ಪಿಯುಸಿ ಹುಡುಗ ಡಿಗ್ರಿ ಮುಗಿಸಿ ಕೆಲಸಕ್ಕ ಸೇರಿರ್ತಾನ. ತೂಗುಯ್ಯಾಲಿ ಆಡಾಕ ಟೈಮಿಲ್ಲ, ಒಂದೇ ಪಿಚ್ಚರ್‌ದಾಗ ಎರಡೂ ಇರ್ಬೇಕು.

ಒಳಗಿಂದ ಬೆರೆಸಿದ ದಾರಿ

ಇದಕ್ಕ ನಾ ಹೆಚ್ಚು ಜಾಗ ಕೊಡ್ತೀನಿ, ಯಾಕಂದ್ರ ಜಗಳದಾಗ ಎರಡೂ ಪಾರ್ಟಿಯವ್ರು ಇದನ್ನ ಮರೀತಾರ.

1963 ರ ಫ್ರಮ್ ರಷ್ಯಾ ವಿತ್ ಲವ್. ಒಂದೇ ಒಂದು ಸೂಟ್‌ಕೇಸು, ಅದ್ರಾಗ ಚಾಕು, ಬಂಗಾರದ ನಾಣ್ಯ, ತಪ್ಪು ತೆಗೆದ್ರ ಮಾರಿಗಿ ಹೊಡಿಯೋ ಗ್ಯಾಸ್. ರೈಲಿನಾಗ ಕೊಲಿಗಾರ ಬಾಂಡ್ ಕೂಡ ಊಟಕ್ಕ ಕುಂತು ಮೀನಿನ ಕೂಡ ಕೆಂಪು ವೈನ್ ತರ್ಸ್ತಾನ. ಆಮ್ಯಾಲ ಮಣಕಾಲ ಮ್ಯಾಲ ಕುಂತು, ಪಿಸ್ತೂಲ್ ಎದುರಿಗಿದ್ದಾಗ, ಬಾಂಡ್‌ಗ ಆ ವೈನ್ ನೆನಪಾಗ್ತದ, ಅಲ್ಲೇ ನನಗ ಗೊತ್ತಾಗ್ಬೇಕಿತ್ತು ಅಂತಾನ. ನಗು ಬರ್ತದ, ಆದ್ರ ಪಿಸ್ತೂಲ್ ಎಲ್ಲೂ ಹೋಗಿಲ್ಲ. ಹಿಂದಿಂದಲೇ ಆ ಡಬ್ಬಿಯಾಗ ನಡೆಯೋ ಹೊಡೆದಾಟ ಇವತ್ತು ನೋಡಿದ್ರೂ ಕುತ್ತಿಗಿ ಬಿಗೀತದ. ಮರು ವರ್ಷದ ಗೋಲ್ಡ್‌ಫಿಂಗರ್‌ನಾಗ ಬಾಂಡ್‌ನ ಟೇಬಲಿಗಿ ಕಟ್ಟಿ ಕಾಲ ನಡುವ ಲೇಸರ್ ಬಿಡ್ತಾರ. ಅಲ್ಲಿ ಯಾವ ಗ್ಯಾಡ್ಜೆಟ್ಟೂ ಉಳಿಸಂಗಿಲ್ಲ, ಎಲ್ಲೋ ಕದ್ದು ಕೇಳಿದ ಒಂದು ಹೆಸರು ಹಿಡ್ಕೊಂಡು, ಎಲ್ಲಾ ಗೊತ್ತದ ಅನ್ನಂಗ ಬಂಡಲ್ ಬಿಟ್ಟು ಪಾರಾಗ್ತಾನ, ಬೆವರು ಇಳೀತಿರ್ತದ. ಎಜೆಕ್ಟರ್ ಸೀಟಿನ ಕಾರೂ ಅದೇ ಪಿಚ್ಚರ್‌ದಾಗ ಅದ, ಅದೂ ಮಜಾನೇ. ಆದ್ರ ಅದೇ ಪಿಚ್ಚರ್‌ನ ಕೊಟಗಿ ಸೀನ್, ಒಲ್ಲೆ ಅನ್ನೋ ಹೆಂಗಸನ್ನ ಬಾಂಡ್ ಹಿಡ್ದೆಳೆಯೋದು, ಇವತ್ತು ಮಗಳ ಕೂಡ ಕುಂತು ನೋಡಾಕಾಗಂಗಿಲ್ಲ. ಈ ಎರಡರಾಗೂ ಬಾಂಡ್ ಆದ ಶಾನ್ ಕಾನರಿಯ ಪಾರ್ಟಿಯವ್ರು ಇದಕ್ಕ ಕಣ್ಣು ಮುಚ್ಕೋತಾರ, ನಾ ಮುಚ್ಕೊಳ್ಳಂಗಿಲ್ಲ.

ಇನ್ನ 1983 ರ ಆಕ್ಟೋಪಸಿ. ನಮ್ಮ ದೇಶದಾಗೇ ಶೂಟ್ ಆಗಿದ್ದು, ಉದಯಪುರದ ಅರಮನಿ, ಕಬೀರ್ ಬೇಡಿ, ಟೆನಿಸ್ ಆಡೋ ವಿಜಯ್ ಅಮೃತರಾಜ್ ಕೈಯಾಗ ರಾಕೆಟ್ ಹಿಡಿದೇ ಹೊಡೆದಾಟ, ಆಟೋದಾಗ ಚೇಸು. ಹಾವಾಡಿಗ, ಮೊಳಿ ಹಾಸಿಗಿ, ಬೆಂಕಿ ಮ್ಯಾಲ ನಡೆಯವ, ನಮ್ಮ ದೇಶ ಅಂದ್ರ ಅಷ್ಟೇ ಅಂತ ತಿಳ್ಕೊಂಡಾರ, ಬಾಂಡ್ ಹುಲಿಗಿ ಕುಂಡ್ರು ಅಂತಾನ, ಬಳ್ಳಿ ಹಿಡ್ಕೊಂಡು ಟಾರ್ಜನ್‌ನಂಗ ಒದರ್ತಾನ. ಇಷ್ಟು ಹೇಳಿ ಭಾಳ ಮಂದಿ ಇದನ್ನ ಪೂರಾ ಮಜಾ ಖಾನೆಗಿ ಹಾಕಿಬಿಡ್ತಾರ. ಜರಾ ತಡೀರಿ. ಪಿಚ್ಚರ್ ಶುರುವಿಗಿ ಒಬ್ಬ ಜೋಕರ್ ವೇಷದವ ರಾತ್ರಿ ಕಾಡಿನಾಗ ಓಡ್ತಿರ್ತಾನ, ಕೈಯಾಗ ಬಲೂನು, ಹಿಂದ ಚಾಕು ಒಗೆಯೋ ಅವಳಿ ಜವಳಿ. ಅವ 009, ಬಾಂಡ್ ಥರದವನೇ, ಸಾಯ್ತಾನ. ಕೊನಿಗಿ ಜರ್ಮನಿಯಾಗ, ಅಮೆರಿಕಾ ಏರ್‌ಬೇಸ್ ಒಳಗಿನ ಸರ್ಕಸ್‌ದಾಗ ಅಣುಬಾಂಬ್ ಇಟ್ಟಾರ, ಟೈಮ್ ಹೊಂಟದ, ಬಾಂಡ್ ಫೋನ್ ಬೂತ್ ಹೊರಗ ಒದ್ದಾಡ್ತಾನ, ಒಳಗಿನ ಹೆಂಗಸು ಮಾತು ನಿಲ್ಸಂಗಿಲ್ಲ, ಅಕಿ ಕಾರೇ ಕದ್ದು ಓಡ್ತಾನ. ಪೊಲೀಸ್ರು ಹಿಂದ. ಒಳಗ ಹೋಗಾಕ ಬ್ಯಾರೆ ದಾರಿ ಇಲ್ಲ, ಮಾರಿಗಿ ಬಣ್ಣ ಹಚ್ಕೊಂಡು, ಕೆಂಪು ಮೂಗು, ದೊಡ್ಡ ಬೂಟು, ಅವನೂ ಜೋಕರ್ ಆಗಿ ಸರ್ಕಸ್ ನಡುವ ಬಂದು ಬಾಂಬ್ ಅದ ಬಾಂಬ್ ಅದ ಅಂತ ಒದರ್ತಾನ. ಮಂದಿ ಬಿದ್ದು ಬಿದ್ದು ನಗ್ತಾರ. ಮಕ್ಕಳು ಚಪ್ಪಾಳಿ ಹೊಡೀತಾವ. ಆ ಟೆಂಟಿನಾಗ ಎಲ್ಲಾರೂ ನಗ್ತಿರುವಾಗ ಟಿವಿ ಮುಂದ ಕುಂತ ನಾವು ಯಾರೂ ನಗಂಗಿಲ್ಲ, ಯಾಕಂದ್ರ ಇನ್ನೊಬ್ಬ ಜೋಕರ್ ಹೆಂಗ ಸತ್ತ ಅಂತ ನಾವು ನೋಡೀವಿ. ವೇಷ ಎಷ್ಟು ನಗಿ ಬರ್ಸ್ತದೋ ಅಂಜಿಕಿ ಅಷ್ಟೇ ಏರ್ತದ.

ನನ್ನ ಪೂರಾ ವಾದ ಆ ಐದು ನಿಮಿಷದಾಗ ಅದ. ಮಜಾ ಇಷ್ಟು ಪರ್ಸೆಂಟ್, ಗಡಸು ಇಷ್ಟು ಪರ್ಸೆಂಟ್ ಅಂತ ಅಳೆಯೋದು ದಂಡ. ಅಪಾಯ ಖರೇ ಇದ್ರ ಬಾಂಡ್ ಜೋಕರ್ ಬಣ್ಣ ಹಚ್ಕೊಂಡ್ರೂ ನಂಬ್ತೀವಿ, ಅಪಾಯ ಸುಳ್ಳಿದ್ರ ಅವ ಕರೀ ಸೂಟ್ ಹಾಕ್ಕೊಂಡು ಅತ್ರೂ ನಂಬಂಗಿಲ್ಲ.

ಎದುರಿನ ಉದಾಹರಣಿ ಬೇಕೇನು, 2015 ರ ಸ್ಪೆಕ್ಟರ್ ನೋಡ್ರಿ. ಬಾಂಡ್‌ನ ಕುರ್ಚಿಗಿ ಕಟ್ಟಿ ತಲಿಯಾಗ ಡ್ರಿಲ್ ಹಾಕ್ತಾರ, ಹಾಕಿದ್ರ ಮಾರಿ ಗುರುತು ಹತ್ತಂಗಿಲ್ಲ ಅಂತ ವಿಲನ್ ಉದ್ದಕ ಭಾಷಣ ಮಾಡ್ತಾನ. ಎರಡು ನಿಮಿಷಕ್ಕ ಬಾಂಡ್ ಎದ್ದು ಹೋಗಿ ಒಂದೊಂದು ಗುಂಡಿಗಿ ಒಬ್ಬೊಬ್ಬನ್ನ ಕೆಡುವ್ತಾನ, ತಲಿ ಒಂದೀಟೂ ತಿರುಗಂಗಿಲ್ಲ. ಗಡಸು ಅಂತ ಕಾಣೋದು ಬರೇ ಬಣ್ಣ. ಅದೇ ಕ್ರೇಗ್ 2006 ರ ಕ್ಯಾಸಿನೋ ರಾಯಲ್‌ದಾಗ ಹೆಂಗಿದ್ದ? ಹೋಟೆಲ್ ಮೆಟ್ಟಲ ಮ್ಯಾಲ ಇಬ್ಬರ ಕೂಡ ಹೊಡೆದಾಡಿ ಕೊಂದು, ರೂಮಿಗಿ ಬಂದು ಕನ್ನಡಿ ಮುಂದ ರಕ್ತ ತೊಳ್ಕೋತಾನ, ಒಂದು ಪೆಗ್ ಗಂಟಲಿಗಿ ಸುರಕೋತಾನ, ಹೊಸ ಅಂಗಿ ಹಾಕ್ಕೊಂಡು ಹೊಳ್ಳಿ ಇಸ್ಪೀಟ್ ಟೇಬಲಿಗಿ ಬಂದು ಕುಂಡ್ರತಾನ. ಅವನ ಕೂಡ ಬಂದ ವೆಸ್ಪರ್ ಅನ್ನೋ ಹುಡುಗಿ ಮಾತ್ರ ಬಟ್ಟಿ ಹಾಕ್ಕೊಂಡೇ ಶವರ್ ಕೆಳಗ ಕುಂತು ನಡುಗ್ತಿರ್ತಾಳ, ಇಂವ ಅದೇ ಹೊಸ ಅಂಗಿಯಾಗೇ ಬಂದು ಬಾಜೂಕ ಕುಂಡ್ರತಾನ. ಮುಂದ ತಳ ಕಿತ್ತ ಕುರ್ಚಿ ಮ್ಯಾಲ ಕುಂಡ್ರಿಸಿ ಗಂಟು ಹಾಕಿದ ಹಗ್ಗದಿಂದ ಬಡೀತಾರ, ಅಲ್ಲಿ ನೋವಿನಾಗ ಒದರ್ಕೋತ ಬಲಕ್ಕ ತುರಸ್ಲಿಕತ್ತದ, ಅಲ್ಲಿ ಜರಾ ಹೊಡಿ ಅಂತಾನ. ಥಿಯೇಟರ್ ಪೂರಾ ನಗ್ತದ, ಗಂಡಸ್ರೆಲ್ಲಾ ಕಾಲು ಮಡಚ್ಕೊಂಡು ನಗ್ತಾರ. ಇದು ಹೊರಗಿಂದ ತಂದ ಜೋಕಲ್ಲ, ಅವ ಸೋಲಂಗಿಲ್ಲ ಅನ್ನೋ ಹಟ.

2012 ರ ಸ್ಕೈಫಾಲ್‌ನಾಗ ಓಡೋ ರೈಲಿನ ಡಬ್ಬಿ ಹರಿದು ಒಳಗ ಜಿಗಿದು ಅಂಗಿ ತೋಳಿನ ಕಫ್ ಸರಿ ಮಾಡ್ಕೋತಾನಲ್ಲ, ಅಷ್ಟೇ ಸಾಕು. ಹೊಸಾ ಹುಡುಗ ಕ್ಯೂ ಒಂದು ಪಿಸ್ತೂಲು, ಒಂದು ರೇಡಿಯೋ ಕೊಟ್ಟು, ಸಿಡಿಯೋ ಪೆನ್ನು ಈಗ ಮಾಡಂಗಿಲ್ಲ ಅಂತ ಚೇಷ್ಟಿ ಮಾಡ್ತಾನ. ಅದೇ ಪುಟಾಣಿ ರೇಡಿಯೋ ಮುಂದ ಕೆಲಸಕ್ಕ ಬರ್ತದ. ನೂರು ಕೋಟಿ ಡಾಲರ್ ದಾಟಿದ ಮೊದಲ ಬಾಂಡ್ ಅದು. ಗಡಸು ಪಾರ್ಟಿಯವ್ರು ಅದು ನಮ್ಮದು ಅಂತಾರ, ಮಜಾ ಪಾರ್ಟಿಯವ್ರು ಬಾಂಡ್‌ನ ಹಳೇ ಡಿಬಿ5 ಕಾರು ಬಂದಾಗ ಸೀಟಿ ಹೊಡೆದವ್ರು ನಾವು ಅಂತಾರ. ಇಬ್ರೂ ಖರೇ.

ಇನ್ನೊಂದು ತಿಳ್ಕೊಂಡಿರ್ರಿ, ಆಕ್ಟೋಪಸಿಯ ಜೋಕರ್ ಸೀನ್ ಮಾಡಿದ ಜಾನ್ ಗ್ಲೆನ್ನೇ ಲೈಸೆನ್ಸ್ ಟು ಕಿಲ್‌ನ ಶಾರ್ಕ್ ಸೀನೂ ಮಾಡಿದ್ದು. ಟ್ಯಾಂಕ್ ತಗೊಂಡು ಊರೆಲ್ಲಾ ಕೆಡವೋ ಗೋಲ್ಡನ್‌ಐ ಮಾಡಿದ ಮಾರ್ಟಿನ್ ಕ್ಯಾಂಪ್‌ಬೆಲ್ಲೇ ಕ್ಯಾಸಿನೋ ರಾಯಲ್ ಮಾಡಿದ್ದು. ಅದಕ್ಕ ಸಿಕಾರಿಯೋ, ಡ್ಯೂನ್ ಮಾಡಿದ ವಿಲ್ನವ್‌ಗ ನಗಿಸಾಕ ಬರಂಗಿಲ್ಲ ಅಂತ ಈಗ್ಲೇ ತೀರ್ಪು ಕೊಡೋದು ಬ್ಯಾಡ. ಅಪಾಯ ಖರೇ ಮಾಡೋ ಕೆಲಸ ಅವ್ರಿಗಿ ನೀರು ಕುಡದಂಗ ಬರ್ತದ, ಅದು ಕಷ್ಟದ ಅರ್ಧ. ಉಳಿದರ್ಧಕ್ಕ ಕ್ಯೂನ ಮೊದಲ ಪಿಚ್ಚರ್‌ದಾಗೇ ತರ್ಲಿ, ಬಾಂಡ್‌ಗ ಒಬ್ಬ ಮಾತಿಗಿ ಮಾತು ಕೊಡೋ ಹೆಂಗಸು ಇರ್ಲಿ, ಅಪ್ಪ ಅವ್ವ ಅಣ್ಣ ತಮ್ಮ ಅಂತ ಮನಿತನದ ದುಃಖ ಒಂದು ಹತ್ತು ವರ್ಷ ರಜಾದ ಮ್ಯಾಲ ಹೋಗ್ಲಿ.

ಈ ಕಡಿಂದ ಒಂದು ಮಾತು ಸೇರಿಸ್ಲಿಕ್ಕೇ ಬೇಕು. ನಮ್ಮ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಪ್ರಕಾಶ್ ಆಗಿ 1968 ರಾಗ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿ.ಐ.ಡಿ. 999, ಮರು ವರ್ಷ ಆಪರೇಷನ್ ಜಾಕ್‌ಪಾಟ್, 1978 ರಾಗ ಆಪರೇಷನ್ ಡೈಮಂಡ್ ರಾಕೆಟ್ ಅಂತ ನಾಕು ಮಾಡ್ಯಾರ, ಎಲ್ಲಾ ದೊರೈ-ಭಗವಾನ್ ಜೋಡಿದು. ಆ ಬಜೆಟ್‌ದಾಗ ಶಟಲ್ ಹಾರಿಸಾಕ ಆಗಂಗಿರ್ಲಿಲ್ಲ, ಅದಕ್ಕ ಮಜಾ ಹಾಡಿನಾಗ, ಅಣ್ಣಾವ್ರ ಸ್ಟೈಲ್‌ನಾಗ ಇಟ್ರು, ಹೊಡೆದಾಟ ಬಂದಾಗ ಮಾರಿ ಬದಲಾಗ್ತಿತ್ತು. ಹೆಣ್ಮಕ್ಕಳ ಮುಂದ ಮುಜುಗರ ಆಗೋ ಸಂಗತಿ ಬಾಂಡ್‌ಕ್ಕಿಂತ ಭಾಳ ಕಮ್ಮಿ. ಬಜೆಟ್ ಸಣ್ಣದಿದ್ರ ಬೆರಕಿ ಚಲೋ ಆಗ್ತದ ಅನ್ನೋದಕ್ಕ ಡಾಕ್ಟರ್ ನೋನೂ ಸಾಕ್ಷಿ, ಅದಕ್ಕ ಖರ್ಚಾಗಿದ್ದು ಸುಮಾರು ಒಂದು ಮಿಲಿಯನ್ ಡಾಲರ್.

ಹಂಗಾರ ನಿಮಗ ಯಾವುದು

ಮಕ್ಕಳು, ಅಜ್ಜ ಅಜ್ಜಿ ಎಲ್ಲಾ ಕೂಡಿ ಐತ್ವಾರ ಮಧ್ಯಾಹ್ನ ಆದ್ರ ದಿ ಸ್ಪೈ ಹೂ ಲವ್ಡ್ ಮಿ ಹಚ್ರಿ, ಮೂನ್‌ರೇಕರ್ ಎರಡನೇದಕ್ಕ ಇರ್ಲಿ. ಹೈಸ್ಕೂಲ್ ಮಕ್ಕಳಿದ್ರ ಆಕ್ಟೋಪಸಿ, ಆದ್ರ ಇಂಡಿಯಾ ಭಾಗ ನೋಡುವಾಗ ಅವ್ರಿಗಿ ಜರಾ ನಗ್ಯಾಡಿ ತಿಳಿಸ್ರಿ, ಕೊನಿ ಅರ್ಧ ಗಂಟಿ ಫೋನ್ ಕಸ್ಕೊಂಡು ಕುಂಡ್ರಿಸ್ರಿ. ಹಾಸ್ಟೆಲ್ ಗೆಳೆಯರ ಗುಂಪಾದ್ರ ಗೋಲ್ಡನ್‌ಐ, ಎರಡನೇ ಮಾತಿಲ್ಲ. ಒಬ್ರೇ ರಾತ್ರಿ ಕುಂತು ನೋಡವ್ರಿಗಿ ಫ್ರಮ್ ರಷ್ಯಾ ವಿತ್ ಲವ್ ಇಲ್ಲಾ ಲೈಸೆನ್ಸ್ ಟು ಕಿಲ್, ಎರಡನೇದಕ್ಕ ಊಟ ಮೊದ್ಲೇ ಮುಗಿಸ್ಕೊಳ್ರಿ. ಹೊಸದಾಗಿ ಶುರು ಮಾಡವ್ರು, ಟೈಮಿಲ್ಲದವ್ರು, ಒಂದೇ ಬಾಡಿಗಿ ರೊಕ್ಕ ಕೊಡವ್ರು ಕ್ಯಾಸಿನೋ ರಾಯಲ್ ತಗೊಳ್ರಿ, ಸೇರಿದ್ರ ಕ್ವಾಂಟಮ್ ಜಿಗಿದು ನೇರ ಸ್ಕೈಫಾಲ್‌ಗ ಹೋಗ್ರಿ. ಸ್ಪೆಕ್ಟರ್ ಬಿಟ್ರೂ ನಡೀತದ, ಆದ್ರ ನೋ ಟೈಮ್ ಟು ಡೈ ನೋಡೋದಾದ್ರ ಅದನ್ನ ನೋಡ್ಲೇಬೇಕು, ಕಥಿ ಅಲ್ಲಿಂದೇ ಬಂದದ.

ಹೊಸ ಬಾಂಡ್ ಬಂದಾಗ ಥಿಯೇಟರಿಗಿ ರೊಕ್ಕ ಹಾಕ್ಬೇಕೋ ಮನಿಯಾಗೇ ನೋಡ್ಬೇಕೋ ಅನ್ನವ್ರು ಟ್ರೇಲರ್ ನೋಡುವಾಗ ಒಂದೇ ಪರೀಕ್ಷೆ ಮಾಡ್ರಿ: ಅದ್ರಾಗಿನ ಜೋಕ್ ಬಂದಾಗ ಬಾಂಡ್ ಸೇಫ್ ಜಾಗದಾಗ ನಿಂತಾನೋ, ಸಿಕ್ಕಿಬಿದ್ದಾನೋ. ಸಿಕ್ಕಿಬಿದ್ದಾಗ ನಗಿಸಿದ್ರ ಹೈದರಾಬಾದ್ ತನಕ ಹೋಗಿ ದೊಡ್ಡ ಸ್ಕ್ರೀನ್ ಮ್ಯಾಲ ಇಂಗ್ಲಿಷ್‌ನಾಗೇ ನೋಡ್ರಿ. ಸೇಫ್ ನಿಂತು ಡೈಲಾಗ್ ಹೊಡೀತಿದ್ರ ಇಲ್ಲೇ ಹಿಂದಿ ಡಬ್ಬಿಂಗ್ ಬರ್ತದ, ಮ್ಯಾಟಿನಿ ಟಿಕೆಟ್ ಸಾಕು.